ಬಾಡಿಗೆ ಗೂಡಿನ ಗಂಟು

ಕಾಡೊಂದರ ಅಂಚಿನಲ್ಲಿ ಒಂದು ಕೊಳವಿತ್ತು. ಅದರ ಮೇಲಕ್ಕೆ ಜಾಲಿ ಮರವೊಂದು ಬಾಗಿ ನಿಂತಿತ್ತು. ಒಂದು ಗೀಜಗ ಆ ಮರದ ಕೊಂಬೆಗಳಿಗೆ ಗೂಡುಗಳನ್ನು ನೇಯ್ದು ತೂಗುಹಾಕಿತ್ತು. ಕೆಳಗೆ ನೀರು, ಸುತ್ತ ಮುಳ್ಳು. ಹಾವು ಬರುವ ಭಯ ಅಲ್ಲಿ ಕಡಿಮೆ.

ಗೂಡುಗಳಲ್ಲಿ ಒಂದು ಹೋದ ವರ್ಷದ್ದು. ಗೀಜಗಕ್ಕೆ ಅದರಿಂದ ಉಪಯೋಗವಿರಲಿಲ್ಲ, ಆದರೂ ಕಿತ್ತುಹಾಕಿರಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ರಾಟವಾಳ ಜಾಗ ಹುಡುಕಿಕೊಂಡು ಅಲ್ಲಿಗೆ ಬಂತು. ರಾಟವಾಳ ಗುಬ್ಬಚ್ಚಿಗಿಂತಲೂ ಚಿಕ್ಕ ಹಕ್ಕಿ. ಅದರ ಗಂಡನನ್ನು ಗಿಡುಗ ಎತ್ತಿಕೊಂಡು ಹೋಗಿತ್ತು. ಮೊಟ್ಟೆಯಿಡುವ ಕಾಲ ಹತ್ತಿರವಾಗಿತ್ತು. ಒಬ್ಬಳೇ ಹೊಸ ಗೂಡು ಕಟ್ಟುವಷ್ಟು ಸಮಯ ಉಳಿದಿರಲಿಲ್ಲ.

ಆ ಹಳೆಯ ಗೂಡಿಗೆ ದಿನಾ ಬೆಳಿಗ್ಗೆ ಒಂದು ಕೊಕ್ಕು ಹುಲ್ಲುಬೀಜ ಬಾಡಿಗೆ ಎಂದು ಗೀಜಗದೊಡನೆ ಮಾತಾಯಿತು. ಒಳಗೆ ಹೋಗುವ ಮೊದಲು ರಾಟವಾಳ ಒಂದು ಮಾತು ಕೇಳಿತು.

‘ಹರಿದರೆ, ಸೋರಿದರೆ ಯಾರು ನೋಡಬೇಕು, ಗೀಜಗಣ್ಣ?’

‘ದೊಡ್ಡ ರಿಪೇರಿ ನಂದು. ಸಣ್ಣಪುಟ್ಟದ್ದು ನಿಂದು. ಎಲ್ಲ ಕಡೆ ಇರೋ ಪದ್ಧತಿ ಇದೇ, ತಂಗಿ.’

ಯಾವುದು ದೊಡ್ಡದು, ಯಾವುದು ಸಣ್ಣದು ಎಂದು ರಾಟವಾಳ ಕೇಳಲಿಲ್ಲ. ಗೀಜಗವೂ ಹೇಳಲಿಲ್ಲ.

ಮೊದಲು ಬಾಗಿಲ ಕಡೆಯ ಹುಲ್ಲು ಉದುರಿತು. ಅದು ಸಣ್ಣದು ಎಂದಿತು ಗೀಜಗ. ರಾಟವಾಳ ತಾನೇ ಸರಿಮಾಡಿಕೊಂಡಿತು. ಆಮೇಲೆ ಪಕ್ಕದಲ್ಲಿ ಒಂದು ತೂತು ಬಿತ್ತು. ಅದೂ ಸಣ್ಣದೇ. ರಾಟವಾಳ ಅಲ್ಲಿಗೆ ಹುಲ್ಲಿನ ತೆನೆ ತುರುಕಿತು. ಗಾಳಿಗೆ ತೆನೆ ಬಿದ್ದುಹೋಗಿ ತೂತು ಅಗಲವಾಯಿತು. ಈಗ ದೊಡ್ಡದಾಯಿತಲ್ಲ ಎಂದು ಹೋಗಿ ಹೇಳಿದಾಗ ಗೀಜಗ ತಲೆ ಓರೆ ಮಾಡಿ ನೋಡಿತು.

‘ಸಣ್ಣದಿದ್ದಾಗ ನೀನು ನೆಟ್ಟಗೆ ಮುಚ್ಚಿದ್ದರೆ ಇಷ್ಟು ದೊಡ್ಡದಾಗುತ್ತಿತ್ತೇನಮ್ಮ? ನಿನ್ನ ತಪ್ಪಿಗೆ ನಾನು ಹೊಣೆಯೇ?’

ಕೊಳದ ಮಧ್ಯೆ ಒಂದು ಒಣ ಮರದ ಮೋಟು ಇತ್ತು. ಅದರ ಮೇಲೆ ಮೀನಿಗಾಗಿ ಕಾಯುತ್ತ ಮುದಿ ಮಿಂಚುಳ್ಳಿಯೊಂದು ಕೂರುತ್ತಿತ್ತು. ಅದು ರಾಟವಾಳವನ್ನು ಕರೆಯಿತು.

‘ಮಗಳೇ, ಸಣ್ಣದಿದ್ದರೆ ನಿನ್ನ ಕೆಲಸ. ದೊಡ್ಡದಾದರೆ ನಿನ್ನ ತಪ್ಪು. ಅವನ ಪಾಲಿಗೆ ಉಳಿಯೋದು ಹುಲ್ಲುಬೀಜ ಒಂದೇ. ಬೇರೆ ಜಾಗ ನೋಡಿಕೋ.’

ರಾಟವಾಳಕ್ಕೆ ಅದು ಅರ್ಥವಾಗಿತ್ತು. ಆದರೆ ಅಷ್ಟರಲ್ಲಿ ಗೂಡಿನಲ್ಲಿ ಮೂರು ಮೊಟ್ಟೆಗಳಿದ್ದವು.

ಮೊಟ್ಟೆಯೊಡೆದು ಮರಿಗಳು ಬಂದವು. ಪುಕ್ಕ ಇನ್ನೂ ಮೂಡಿರಲಿಲ್ಲ. ಒಂದು ದಿನ ಆಹಾರ ತರುವಾಗ ರಾಟವಾಳ ಮೇಲೆ ನೋಡಿತು. ಗೂಡನ್ನು ಕೊಂಬೆಗೆ ಬಿಗಿದಿದ್ದ ಗಂಟು ಸಡಿಲವಾಗಿತ್ತು. ಹಳೆಯ ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು.

ರಾಟವಾಳ ಗೀಜಗದ ಬಳಿಗೆ ಹಾರಿತು. ಗೀಜಗ ಪಕ್ಕದ ಕೊಂಬೆಯಲ್ಲಿ ಈ ವರ್ಷದ ಹೊಸ ಗೂಡು ನೇಯುತ್ತಿತ್ತು. ಆಗತಾನೇ ಸೀಳಿ ತಂದ ಹಸಿರು ಎಳೆ ಅದರ ಕೊಕ್ಕಿನಲ್ಲಿತ್ತು. ರಾಟವಾಳ ಹೇಳಿದ್ದನ್ನೆಲ್ಲ ಕೇಳಿ, ಎಳೆಯನ್ನು ಕಾಲಡಿಯಲ್ಲಿ ಒತ್ತಿಟ್ಟುಕೊಂಡು, ಗಂಟು ಎಷ್ಟು ದಪ್ಪವಿದೆ ಎಂದು ಕೇಳಿತು. ನನ್ನ ಕಾಲಿನಷ್ಟು ಎಂದಿತು ರಾಟವಾಳ.

‘ಹಾಗಾದರೆ ಸಣ್ಣದೇ ಅಲ್ಲವೇ?’

‘ಸಣ್ಣದೇ ಅಣ್ಣ, ನನ್ನದೇ ಕೆಲಸ ಅಂತ ಇಟ್ಟುಕೋ. ಆದರೆ ನಮ್ಮ ಕುಲದಲ್ಲಿ ಗಂಟು ಹಾಕೋದು ಯಾರಿಗೂ ಬರೋದಿಲ್ಲ. ನಾವು ಕವಲು ಕೊಂಬೆಯಲ್ಲಿ ಹುಲ್ಲು ಒಟ್ಟಿ ಕೂರೋರು. ನಿನಗೆ ಒಂದು ಎಳೆಯ ಕೆಲಸ. ಬಾಡಿಗೆ ಬೇಕಾದರೆ ಎರಡು ಕೊಕ್ಕು ಕೊಡುತ್ತೇನೆ.’

ಈಗ ಒಂದು ಗಂಟು ಹಾಕಿಕೊಟ್ಟರೆ ನಾಳೆ ಎಲ್ಲದಕ್ಕೂ ಕರೆಯುತ್ತಾಳೆ ಎಂದುಕೊಂಡಿತು ಗೀಜಗ. ಹೊಸ ಗೂಡಿನ ಕೆಲಸವೂ ಬಾಕಿಯಿತ್ತು. ಮಾತು ಮಾತೇ ತಂಗಿ ಎಂದು ಹೇಳಿ ಎಳೆಯನ್ನು ಮತ್ತೆ ಕೊಕ್ಕಿಗೆ ತೆಗೆದುಕೊಂಡಿತು.

ರಾಟವಾಳ ತನಗೆ ತಿಳಿದ ಕೆಲಸ ಮಾಡಿತು. ಹುಲ್ಲು ತಂದು ಗಂಟಿನ ಕೆಳಗೆ, ಗೂಡಿನ ನೆತ್ತಿಯ ಮೇಲೆ ಒಟ್ಟಿತು. ಇನ್ನಷ್ಟು ತಂದಿತು. ಇಡೀ ದಿನ ತಂದಿತು. ಅದರ ಕುಲದಲ್ಲಿ ಹುಲ್ಲು ಹೆಚ್ಚಾದಷ್ಟೂ ಗೂಡು ಭದ್ರ. ತೂಗುವ ಗೂಡಿಗೆ ಆ ಲೆಕ್ಕ ಸಲ್ಲುವುದಿಲ್ಲ. ಮಳೆ ಬಂದರೆ ಆ ಹುಲ್ಲೆಲ್ಲ ನೀರು ಕುಡಿಯುತ್ತದೆ, ಭಾರಕ್ಕೆ ಎಳೆ ತಾಳುವುದಿಲ್ಲ. ಗೀಜಗಕ್ಕೆ ಇದು ಗೊತ್ತಿತ್ತು. ಅದು ನೋಡುತ್ತಲೇ ಇತ್ತು. ಬೇಡವೆಂದು ಹೇಳಿದರೆ ಹೇಗೆ ಮಾಡಬೇಕೆಂದು ತಾನೇ ತೋರಿಸಬೇಕಾಗುತ್ತದೆ. ಹಾಗಾಗಿ ಸುಮ್ಮನಿತ್ತು.

ಮರುದಿನ ಬೆಳಿಗ್ಗೆ ಮಳೆ ಹಿಡಿಯಿತು. ರಾಟವಾಳ ಮರಿಗಳಿಗೆ ಉಣಿಸಿ ಬಾಡಿಗೆಯ ಬೀಜ ತಂದು ಗೀಜಗದ ಮುಂದೆ ಇಡುತ್ತಿತ್ತು. ಆಗ ಬೆನ್ನ ಹಿಂದೆ ಏನೋ ನೀರಿಗೆ ಬಿದ್ದ ಸದ್ದಾಯಿತು.

ತಿರುಗಿ ನೋಡಿದರೆ ಕೊಂಬೆಯಲ್ಲಿ ಗೂಡು ಇರಲಿಲ್ಲ.

ಮಿಂಚುಳ್ಳಿ ಒಡನೆಯೇ ನೀರಿಗೆ ಹಾರಿತು. ನೆನೆದ ಗೂಡು ಅದರ ಮೈಗಿಂತ ದೊಡ್ಡದಿತ್ತು. ಕೊಕ್ಕಿನಲ್ಲಿ ಹಿಡಿದು ಎಳೆಯಿತು. ಹುಲ್ಲು ಕಿತ್ತು ಬಂತು. ಮತ್ತೆ ಹಾರಿತು, ಮತ್ತೆ ಹುಲ್ಲೇ ಬಂತು. ಗೂಡು ಮೆಲ್ಲಗೆ ಮುಳುಗಿತು. ರಾಟವಾಳ ನೀರಿನ ಮೇಲೆ ಸುತ್ತುತ್ತಲೇ ಇತ್ತು. ರೆಕ್ಕೆ ಸೋತಾಗ ದಡದ ಕೆಸರಿನಲ್ಲಿ ಇಳಿದು ಕೂತಿತು. ಮಳೆ ನಿಂತ ಮೇಲೆ ಕಾಡಿನ ಒಳಕ್ಕೆ ಹಾರಿಹೋಯಿತು. ಮತ್ತೆ ಆ ಕಡೆ ಕಾಣಲಿಲ್ಲ.

ಗೀಜಗ ತಾನಾಗಿಯೇ ಮಿಂಚುಳ್ಳಿಯೊಡನೆ ಮಾತು ತೆಗೆಯಿತು. ಅಷ್ಟು ಹುಲ್ಲು ಹೇರಿದ್ದು ಅವಳೇ, ತಾನೇನು ಮಾಡಲಿ ಎಂದಿತು.

ಮಿಂಚುಳ್ಳಿಯ ಮೈ ಇನ್ನೂ ಒದ್ದೆಯಾಗಿತ್ತು. ‘ಹೇರಿದ್ದು ಅವಳೇ,’ ಎಂದಿತು. ‘ಹೇರುವಾಗ ನೋಡುತ್ತಿದ್ದದ್ದು ನೀನು.’

ಗೀಜಗ ಹೊಸ ಗೂಡಿನ ಕೆಲಸಕ್ಕೆ ಮರಳಿತು.

ಕೆಲವು ದಿನಗಳಲ್ಲಿ ಹೆಣ್ಣು ಗೀಜಗಗಳು ಗೂಡು ಆರಿಸಿಕೊಳ್ಳಲು ಬಂದವು. ಗಂಡು ಕಟ್ಟಿದ ಗೂಡನ್ನು ಹೆಣ್ಣು ಒಪ್ಪಿದರೆ ಮಾತ್ರ ಸಂಸಾರ. ಒಂದು ಹೆಣ್ಣು ಹೊಸ ಗೂಡನ್ನು ಒಳಹೊರಗೆ ನೋಡಿತು. ಗಂಟನ್ನು ಎಳೆದು ನೋಡಿತು. ಆಮೇಲೆ ಪಕ್ಕದ ಕೊಂಬೆಯಲ್ಲಿ ನೇತಾಡುತ್ತಿದ್ದ ತುಂಡು ಎಳೆಗಳನ್ನು ಕಂಡು, ಇದು ಏನೆಂದು ಕೇಳಿತು. ನಡೆದದ್ದನ್ನು ಮಿಂಚುಳ್ಳಿ ಹೇಳಿತು.

‘ಕೆಲಸವೇನೋ ಚೆನ್ನಾಗಿದೆ,’ ಎಂದಿತು ಹೆಣ್ಣು. ‘ಆದರೆ ಬಿಚ್ಚಿಕೊಂಡ ದಿನ ನಾನು ಯಾರನ್ನು ಕರೆಯಲಿ?’

ಅದು ಹಾರಿಹೋಯಿತು. ಅದರ ಹಿಂದೆ ಉಳಿದವೂ ಹೋದವು. ಬಾಡಿಗೆಗೂ ಯಾರೂ ಬರಲಿಲ್ಲ.

ಆ ಮಳೆಗಾಲವೆಲ್ಲ ಜಾಲಿ ಮರದಲ್ಲಿ ಗೂಡುಗಳು ಖಾಲಿಯಾಗಿ ತೂಗಿದವು. ಗಾಳಿ ಎದ್ದಾಗಲೆಲ್ಲ ಗೀಜಗ ಹಸಿರು ಎಳೆ ಸೀಳಿ ತಂದು ಒಂದೊಂದು ಗೂಡಿನ ಗಂಟಿಗೂ ಸುತ್ತು ಹಾಕಿ ಬಿಗಿಯುತ್ತಿತ್ತು. ಒಳಗೆ ಯಾರೂ ಇರಲಿಲ್ಲ.

ನೀತಿ: ಯಾವ ಕೆಲಸ ಯಾರದು ಎಂಬುದನ್ನು ಒಟ್ಟಿಗೆ ಬಾಳುವ ಮೊದಲೇ ಬಿಡಿಸಿ ಮಾತಾಡಿಕೊಳ್ಳಬೇಕು. ಆದರೆ ಒಳಗೆ ಜೀವಗಳಿರುವಾಗ, ಕೆಲಸ ಬಲ್ಲವನು ಮೊದಲು ಗಂಟು ಹಾಕಬೇಕು. ಅದು ಯಾರ ಪಾಲಿನದೆಂದು ಆಮೇಲೆ ಕೇಳಬೇಕು.