ಹೂಂಗುಟ್ಟುವವರಿಲ್ಲದ ಹಾಡು

“ಗುರುಗಳೇ, ವಿಡಿಯೊ ಚಿತ್ರೀಕರಣಕ್ಕೆ ಟೇಪ್ ಒಳ್ಳೆಯದೋ, ಹಾರ್ಡ್ ಡಿಸ್ಕ್ ರೆಕಾರ್ಡರ್ ಒಳ್ಳೆಯದೋ?” ಎಂದು ಶಿಷ್ಯ ಕೇಳಿದ. “ಟೇಪ್ ಸಿಕ್ಕಿಕೊಂಡರೆ ಒಂದಿಷ್ಟು ಹೋಗುತ್ತದೆ, ಡಿಸ್ಕ್ ಕೆಟ್ಟರೆ ಎಲ್ಲವೂ ಹೋಗುತ್ತದೆ ಎನ್ನುತ್ತಾರೆ. ಯಾವುದನ್ನು ನಂಬಲಿ?”

ಗುರು ಒಂದು ಕತೆ ಹೇಳಿದರು.

ಪಾಲಾಕ್ಷ ಎಂಬ ಕ್ಯಾಮೆರಾದವನಿದ್ದ. ದ್ಯಾವೀರಮ್ಮ ಎಂಬ ಮುದುಕಿಯ ಹಾಡನ್ನು ಚಿತ್ರೀಕರಿಸುತ್ತಿದ್ದ. ಅದು ಅವಳ ಕುಲದ ಕತೆ, ಬಹಳ ಉದ್ದದ ಹಾಡು. ಪೂರ್ತಿ ಬಲ್ಲವರು ಅವಳನ್ನು ಬಿಟ್ಟು ಯಾರೂ ಉಳಿದಿರಲಿಲ್ಲ.

ಮೊದಮೊದಲು ಪಾಲಾಕ್ಷನ ಬಳಿ ಟೇಪ್ ಇತ್ತು. ಕ್ಯಾಸೆಟ್ ಯಾವಾಗ ಮುಗಿದೀತೋ ಎಂದು ಅವನು ಕ್ಯಾಮೆರಾದ ಪಕ್ಕದಲ್ಲೇ ಕಾದು ಕೂರುತ್ತಿದ್ದ. ಕೂತವನು ಸುಮ್ಮನಿರಲಾಗದೆ ಹಾಡಿನ ಪ್ರತಿ ನಿಲುಗಡೆಯಲ್ಲೂ ಹೂಂಗುಟ್ಟುತ್ತಿದ್ದ. ಆ ಹೂಂ ಕೇಳಿದ ಮೇಲೆ ಮುದುಕಿ ಮುಂದಕ್ಕೆ ಹಾಡುತ್ತಿದ್ದಳು. ಸಂಜೆ ಮನೆಗೆ ಬಂದು ಅಷ್ಟು ಟೇಪನ್ನೂ ಮತ್ತೆ ಓಡಿಸಿ ಕಂಪ್ಯೂಟರಿಗೆ ಇಳಿಸುವಷ್ಟರಲ್ಲಿ ಅವನಿಗೆ ಸಾಕುಸಾಕಾಗುತ್ತಿತ್ತು. ಅರ್ಧ ಹಾಡು ಮುಗಿಯುವ ಹೊತ್ತಿಗೆ ಬೇಸತ್ತು ಹಾರ್ಡ್ ಡಿಸ್ಕ್ ರೆಕಾರ್ಡರ್ ಕೊಂಡ.

ಅದನ್ನು ಕ್ಯಾಮೆರಾಕ್ಕೆ ಜೋಡಿಸಿ, “ಅಜ್ಜೀ, ಇನ್ನು ಕ್ಯಾಸೆಟ್ ಬದಲಿಸೋಕೆ ನಡುವೆ ನಿಲ್ಲಿಸಬೇಕಾಗಿಲ್ಲ. ನೀವು ಹಾಡ್ತಾ ಇರಿ, ನಾನು ಪೇಟೆಗೆ ಹೋಗಿ ಬರ್ತೀನಿ” ಎಂದ.

“ಕೇಳೋರು ಯಾರಪ್ಪಾ?”

“ಈ ಮಿಷನ್ನೇ ಕೇಳಿಸಿಕೊಳ್ಳುತ್ತೆ ಅಜ್ಜೀ.”

ಸಂಜೆ ಬಂದಾಗ ಮುದುಕಿ ಗೋಡೆಗೆ ಒರಗಿ ಕೂತಿದ್ದಳು. “ಮುಗೀತಾ ಅಜ್ಜೀ?” ಎಂದ. “ಹೂಂ, ಮುಗೀತು” ಎಂದಳು. ಡಿಸ್ಕಿನಲ್ಲಿದ್ದುದನ್ನು ಕಂಪ್ಯೂಟರಿಗೆ ಹಾಕಿಕೊಂಡ. ಚೂರೂ ಕೆಡದೆ ಬಂತು. ತೆರೆದು ನೋಡುವ ಅಗತ್ಯ ಅವನಿಗೆ ಕಾಣಲಿಲ್ಲ.

ಮುಂದಿನ ಚಳಿಗಾಲದಲ್ಲಿ ಮುದುಕಿ ತೀರಿಕೊಂಡಳು. ಅಳುತ್ತಿದ್ದ ಅವಳ ಮಗಳಿಗೆ ಪಾಲಾಕ್ಷ, “ಹಾಡೆಲ್ಲ ನನ್ನ ಹತ್ತಿರ ಇದೆ ತಾಯಿ” ಎಂದು ಸಮಾಧಾನ ಹೇಳಿದ. ತಿಥಿ ಕಳೆದ ಮೇಲೆ ಅವಳು ಕೇಳಲು ಬಂದಳು. ಅವನು ಕೊನೆಯ ದಿನದ್ದನ್ನು ಹಾಕಿದ.

ತೆರೆಯ ಮೇಲೆ ಮುದುಕಿ ನಾಲ್ಕು ಸಾಲು ಹಾಡಿ ನಿಂತಳು. ಹೂಂ ಎನ್ನುವವರಿರಲಿಲ್ಲ. ಇನ್ನೆರಡು ಸಾಲು ಹಾಡಿದಳು. ಬಾಗಿಲ ಕಡೆ ನೋಡಿ, “ಇದ್ದೀಯೇನಪ್ಪಾ?” ಎಂದಳು. ಆಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಪಾಲಾಕ್ಷ ಮುಂದಕ್ಕೆ ಓಡಿಸಿದ. ಕೂತೇ ಇದ್ದಳು. ಇನ್ನೂ ಓಡಿಸಿದ. ಬೆಳಕು ಗೋಡೆಯಿಂದ ಇಳಿದು ಅವಳ ಮುಖ ಮಸುಕಾಯಿತು. ಕೊನೆಯಲ್ಲಿ ಬಾಗಿಲು ಸರಿದ ಸದ್ದೂ ಅವನದೇ ದನಿಯೂ ಕೇಳಿದವು.

ಮಗಳು ಎದ್ದುಹೋದಳು. ಪಾಲಾಕ್ಷನಿಗೆ ಅವಳ ಹಿಂದೆ ಬಾಗಿಲವರೆಗೆ ಹೋಗುವ ಧೈರ್ಯವೂ ಬರಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಶಿಷ್ಯ, “ಹಾಗಾದರೆ ಡಿಸ್ಕನ್ನು ನಂಬಬಾರದು ಅಂತಲೇ ಗುರುಗಳೇ?” ಎಂದ.

“ಡಿಸ್ಕ್ ಏನನ್ನೂ ಕಳೆಯಲಿಲ್ಲವಲ್ಲ, ಅಂದು ಆ ಮನೆಯಲ್ಲಿ ನಡೆದದ್ದೆಲ್ಲ ಅದರಲ್ಲಿದೆ” ಎಂದರು ಗುರು.