ಸೊಪ್ಪು ಮಾರುವವಳು ಕೇಳಿದ ಫೋಟೋ

"ಗುರುಗಳೇ, ಅಗ್ಗದ ಲ್ಯಾಪ್‌ಟಾಪಿನಲ್ಲಿ ಗುಣ ಹೆಚ್ಚೋ, ದೋಷ ಹೆಚ್ಚೋ?" ಎಂದು ಚೆನ್ನಮಲ್ಲ ಕೇಳಿದ.

ಗುರುಗಳ ಪ್ರವಚನಗಳನ್ನು ಬೆರಳಚ್ಚು ಮಾಡುವುದು ಈ ಶಿಷ್ಯನ ಕೆಲಸ. ಭಕ್ತರೊಬ್ಬರು ಮಠಕ್ಕೆ ಕೊಟ್ಟ ಲ್ಯಾಪ್‌ಟಾಪು ಬಹಳ ನಿಧಾನವೆಂದೂ, ಎರಡು ತಿಂಗಳ ಕೆಲಸ ಹಿಂದೆ ಬೀಳಲು ಅದೇ ಕಾರಣವೆಂದೂ ಅವನು ಆಗಲೇ ಹೇಳಿದ್ದ. ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ಸಂತೆಬೀದಿಯಲ್ಲಿ ಉಮಾಪತಿ ಎಂಬ ಫೋಟೋಗ್ರಾಫರ್ ಇದ್ದ. ಒಳ್ಳೆಯದನ್ನು ಕೊಳ್ಳುವ ಶಕ್ತಿ ಇರಲಿಲ್ಲವಾದ್ದರಿಂದ ಅಗ್ಗದ ಲ್ಯಾಪ್‌ಟಾಪೊಂದನ್ನು ಕೊಂಡ. ಅಂಗಡಿಯವನು ಏನನ್ನೂ ಮುಚ್ಚಿಡಲಿಲ್ಲ.

"ಹಗುರ ಇದೆ. ಕರೆಂಟ್ ಇಲ್ಲದಿದ್ದರೂ ಅರ್ಧ ದಿನ ನಡೆಯುತ್ತೆ. ಆದರೆ ನಿಧಾನ, ಬಿಸಿಲಲ್ಲಿ ಸ್ಕ್ರೀನ್ ಮಂಕು. ಒಳಗೆ ಜಾಗವೂ ಕಡಿಮೆ. ಫೋಟೋ ಕೆಲಸ ಅಂದಮೇಲೆ ಬೇರೆ ಹಾರ್ಡ್ ಡಿಸ್ಕ್ ಒಂದು ಇಟ್ಟುಕೊಂಡುಬಿಡಿ" ಎಂದ.

ಉಮಾಪತಿ ಒಪ್ಪಿದ. ಹಾರ್ಡ್ ಡಿಸ್ಕ್ ತರುವುದನ್ನು ಮಾತ್ರ ಇಂದು ನಾಳೆ ಎಂದು ಮುಂದೂಡುತ್ತ ಹೋದ.

ಆ ಲ್ಯಾಪ್‌ಟಾಪು ಅವನ ಕೈ ಹಿಡಿಯಿತು. ಅದುವರೆಗೆ ಅಂಗಡಿಯಲ್ಲಿ ಗಿರಾಕಿಗಾಗಿ ಕಾಯುತ್ತಿದ್ದವನು, ಅದನ್ನು ಹೆಗಲಚೀಲದಲ್ಲಿ ಹಾಕಿಕೊಂಡು ಸುತ್ತಲಿನ ಹಳ್ಳಿಗಳ ಶಾಲೆಗಳಿಗೆ ಹೋಗತೊಡಗಿದ. ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅರ್ಜಿಗೆ ಬೇಕಾದ ಫೋಟೋ ತೆಗೆಯುತ್ತಿದ್ದ. ಅಲ್ಲೇ ಕೂತು ಸರಿಮಾಡುತ್ತಿದ್ದ. ಮರುದಿನ ಪ್ರತಿಗಳನ್ನು ಮುಟ್ಟಿಸುತ್ತಿದ್ದ. ಮೂರು ವರ್ಷ ಹೀಗೆ ಸಂಸಾರ ನಡೆಯಿತು.

ಮೂರನೆಯ ವರ್ಷದ ಕೊನೆಗೆ ಲ್ಯಾಪ್‌ಟಾಪು ತುಂಬಿಹೋಯಿತು. ಮರುದಿನ ದೊಡ್ಡ ಮನೆಯೊಂದರ ಮದುವೆಯ ಕೆಲಸವಿತ್ತು. ಶಾಲೆಯ ಫೋಟೋಗಳೆಲ್ಲ ಅರ್ಜಿಗೆ ಅಂಟಿಸಿ ಮುಗಿದವು, ಇನ್ನು ಅವನ್ನು ಕೇಳಿಕೊಂಡು ಬರುವವರು ಯಾರು ಎಂದುಕೊಂಡ ಉಮಾಪತಿ, ಎಲ್ಲವನ್ನೂ ಒಟ್ಟಿಗೆ ಅಳಿಸಿಬಿಟ್ಟ. ಮದುವೆಯ ಫೋಟೋಗಳಿಗೆ ಜಾಗವಾಯಿತು.

ಎರಡು ವಾರ ಕಳೆದ ಮೇಲೆ, ಸಂತೆಯ ದಿನ, ಸೊಪ್ಪು ಮಾರುವ ಪುಟ್ಟತಾಯಿ ಎಂಬವಳು ಅಂಗಡಿಗೆ ಬಂದಳು. ಅವಳ ಮಗಳು ಯಶೋದ ಹನ್ನೊಂದು ವರ್ಷದ ಹುಡುಗಿ. ಜ್ವರ ಬಂದು, ಹಿಂದಿನ ತಿಂಗಳು ತೀರಿಕೊಂಡಿದ್ದಳು. ಪುಟ್ಟತಾಯಿಯ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಮನೆಯಲ್ಲಿ ಮಗಳದೊಂದು ಫೋಟೋವೂ ಇರಲಿಲ್ಲ. ಶಾಲೆಯವರು ಪ್ರತಿಗಳನ್ನೆಲ್ಲ ಅರ್ಜಿಯ ಜೊತೆ ಕಳುಹಿಸಿ ವರ್ಷವಾಗಿತ್ತು.

"ಸ್ಕೂಲಲ್ಲಿ ನೀನೇ ತೆಗ್ದಿದ್ದೆ ಅಣ್ಣಾ. ನಗಬೇಡ ಅಂತ ಅಂದ್ಯಂತೆ. ನಗು ತಡ್ಕೊಂಡು ನಿಂತಿದ್ಲಂತೆ, ಮನೇಗೆ ಬಂದು ಅದನ್ನ ಹೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು. ಅದೇ ಫೋಟೋನ ದೊಡ್ಡದು ಮಾಡಿ ಕೊಡು" ಎಂದಳು.

ಉಮಾಪತಿಗೆ ಆ ಹುಡುಗಿಯ ಮುಖ ನೆನಪಾಗಲಿಲ್ಲ. ಲ್ಯಾಪ್‌ಟಾಪು ತೆರೆದು ಹುಡುಕುವವನಂತೆ ಬೆರಳಾಡಿಸಿದ. ನಾನೇ ಅಳಿಸಿದೆ ಎನ್ನಲು ನಾಲಿಗೆ ಏಳಲಿಲ್ಲ.

"ಅಗ್ಗದ ಮಾಲು ಕಣಮ್ಮಾ, ಕೆಟ್ಟು ಕೂತಿದೆ. ಫೋಟೋ ಒಳಗೇ ಸಿಕ್ಕಿಹಾಕಿಕೊಂಡಿದೆ" ಎಂದ.

ಪುಟ್ಟತಾಯಿಯೇ ಅವನಿಗೆ ಸಮಾಧಾನ ಹೇಳಿದಳು. "ಅದಕ್ಕೆ ನೀನೇನು ಮಾಡೀಯ ಬಿಡು. ರಿಪೇರಿ ಆಗ್ಲಿ, ಮುಂದಿನ ಸಂತೆಗೆ ಬತ್ತೀನಿ" ಎಂದು ಹೋದಳು.

ಮುಂದಿನ ಸಂತೆಗೆ ಬಂದಳು. ಅದರ ಮುಂದಿನ ಸಂತೆಗೂ ಬಂದಳು. ಬುಟ್ಟಿಯನ್ನು ಬಾಗಿಲ ಹೊರಗಿಟ್ಟು, ಬೆಂಚಿನ ತುದಿಯಲ್ಲಿ ಕೂತು, ಆಯಿತೇ ಎಂದು ಕೇಳುವಳು. ಉಮಾಪತಿ ಇನ್ನೂ ಇಲ್ಲ ಎನ್ನುವನು. ಹೋಗುವಾಗ ಮೇಜಿನ ಮೇಲೆ ಒಂದು ಕಟ್ಟು ದಂಟಿನಸೊಪ್ಪು ಇಟ್ಟು ಹೋಗುವಳು. ಬೇಡವೆಂದರೂ ಕೇಳಳು. ಮನೆಯಲ್ಲಿ ಅದರ ಸಾರು ಮಾಡಿದ ದಿನ ಉಮಾಪತಿ ಬರೀ ಮಜ್ಜಿಗೆ ಅನ್ನ ಉಂಡು ಏಳುವನು.

ಕೊನೆಗೆ ತಡೆಯಲಾರದೆ ಲ್ಯಾಪ್‌ಟಾಪನ್ನು ರಿಪೇರಿಯವನ ಬಳಿಗೆ ಒಯ್ದ. ಅಳಿಸಿದ ಜಾಗದ ಮೇಲೆ ಬೇರೆ ಫೋಟೋಗಳನ್ನು ತುಂಬಿದ್ದೀರಿ, ಹಳೆಯವು ಇನ್ನು ಬರುವುದಿಲ್ಲ ಎಂದು ಅವನು ತಿಳಿಸಿದ. ಯಂತ್ರದಲ್ಲಿ ಕೆಟ್ಟಿರುವುದು ಏನೂ ಇಲ್ಲ ಎಂದೂ ಹೇಳಿದ.

ಎಂಟು ಸಂತೆ ಕಳೆದವು. ಒಂಬತ್ತನೆಯ ಸಂತೆಗೆ ಪುಟ್ಟತಾಯಿ ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಬಂದಳು. ಬಿಚ್ಚಿದರೆ, ಗಾಜು ಕೂರಿಸಿದ ಖಾಲಿ ಫ್ರೇಮು.

"ಈ ಅಳತೆ ಸರಿ ಹೋಯ್ತದಾ ನೋಡಣ್ಣಾ" ಎಂದಳು.

ಉಮಾಪತಿ ಫ್ರೇಮನ್ನು ಕೈಗೆ ತೆಗೆದುಕೊಂಡ. ಮೇಜಿನ ಮೇಲೆ ಇಟ್ಟ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ಪುಟ್ಟತಾಯಿ ಅಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ಅಳಿಸೋಕೆ ಮುಂಚೆ ಒಂದ್ಸಲ ಅವಳ ಮುಖ ನೋಡಿದ್ಯಾ?"

"ಇಲ್ಲಮ್ಮಾ."

ಅವಳು ಫ್ರೇಮನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೋದಳು. ಅಂದಿನಿಂದ ಸಂತೆಯ ಇನ್ನೊಂದು ಕೊನೆಯಲ್ಲಿ ಸೊಪ್ಪು ಹರಡತೊಡಗಿದಳು. ಉಮಾಪತಿ ಆಮೇಲೆ ಹಾರ್ಡ್ ಡಿಸ್ಕ್ ತಂದ. ಎರಡು ವರ್ಷಕ್ಕೆ ದೊಡ್ಡ ಲ್ಯಾಪ್‌ಟಾಪನ್ನೂ ಕೊಂಡ. ಒಂದು ಫೋಟೋವನ್ನೂ ಅಳಿಸಲಿಲ್ಲ. ಆದರೆ ಸಂತೆಯ ಆ ಕೊನೆಗೆ ಅವನು ಯಾವತ್ತೂ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನಮಲ್ಲ ಕೇಳಿದ: "ಹಾಗಾದರೆ ಗುರುಗಳೇ, ಆ ಲ್ಯಾಪ್‌ಟಾಪಿನ ದೋಷ ಒಳಗೆ ಜಾಗ ಕಡಿಮೆ ಇದ್ದದ್ದೇ?"

"ಅಲ್ಲ, ಒಡೆಯ ತನ್ನ ತಪ್ಪನ್ನು ಅದರ ತಲೆಗೆ ಕಟ್ಟಿದಾಗ ನನ್ನದಲ್ಲ ಎನ್ನಲು ಅದಕ್ಕೆ ಬಾಯಿ ಇಲ್ಲದ್ದೇ ದೋಷ."