ಮಗುವಿನ ಕಡೆ ನೋಡದ ತಾಯಿ

“ಸ್ವಾಮಿ, ಈ ತಾಯಿ ಮಗುವಿನ ಕಡೆ ಯಾಕೆ ನೋಡುತ್ತಿಲ್ಲ?”

ಕೇಳಿದವನು ಚೌರಪ್ಪ. ಮಗಳು ಹುಟ್ಟಿದ ತಿಂಗಳಲ್ಲೇ ಮನೆ ಬಿಟ್ಟು, ಪ್ರಾರ್ಥನೆ ಕಲಿಯುತ್ತೇನೆಂದು ಆಶ್ರಮಕ್ಕೆ ಬಂದವನು. ಗೋಡೆಯ ಮೇಲೆ ಬಾಲಯೇಸುವನ್ನು ಎತ್ತಿಕೊಂಡ ಮರಿಯಮ್ಮನ ಚಿತ್ರವಿತ್ತು. ಇಟಲಿಯ ಹಳೆಯ ಚಿತ್ರವೊಂದರ ಪ್ರತಿ. ಮಗು ನಗುತ್ತಿತ್ತು. ತಾಯಿಯ ಕಣ್ಣು ನೋಡುವವರ ಮೇಲಿತ್ತು.

“ಅಬ್ಬಾ, ಇವತ್ತಾದರೂ ಕಣ್ಣಿಗೆ ಬಿತ್ತಲ್ಲ! ಕೂತುಕೋ,” ಎಂದು ಆಶ್ರಮದ ಹಿರಿಯ ಪಾದ್ರಿಗಳು ಕತೆ ಹೇಳಿದರು.

ಒಬ್ಬ ಚಿತ್ರಕಾರನಿದ್ದ. ಚರ್ಚಿಗೆ ದೇವಮಾತೆಯ ಚಿತ್ರ ಬರೆಯಬೇಕಾಗಿತ್ತು. ಎದುರಿಗೆ ಕೂರಿಸಿಕೊಂಡು ಬರೆಯಲು, ಊರಿನಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳನ್ನು ಅವಳ ಗಂಡುಕೂಸಿನ ಸಮೇತ ಕರೆತಂದ. ತನ್ನ ಕೂಸು ಬಾಲಯೇಸುವಾಗುತ್ತದಲ್ಲ ಎಂದು ಅವಳಿಗೆ ಹಿಗ್ಗೋ ಹಿಗ್ಗು.

ಆದರೆ ಅವಳ ಕಣ್ಣು ಮತ್ತೆ ಮತ್ತೆ ಮಗುವಿನತ್ತ ಇಳಿಯುತ್ತಿತ್ತು. ಚಿತ್ರಕಾರ ರೇಗುತ್ತಿದ್ದ.

“ನನ್ನ ಕಡೆ ನೋಡಮ್ಮ! ನಾಳೆ ಮೊಣಕಾಲೂರಿದ ಒಬ್ಬೊಬ್ಬನಿಗೂ ತಾಯಿ ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಬೇಕು. ಇದು ದೇವರ ಕೆಲಸ.”

ದೇವರ ಕೆಲಸ ಅಂದಮೇಲೆ ಮುಗಿಯಿತು. ಪಾಪ, ಅವಳು ರೆಪ್ಪೆ ಮಿಟುಕಿಸಲಿಕ್ಕೂ ಹೆದರಿ ಕೂತಳು. ಒಂದು ದಿನ ಮಗು ಮೊದಲ ಸಲ ಕಿಲಕಿಲನೆ ನಕ್ಕಿತು. ಚಿತ್ರಕಾರ ನೋಡಿದ, ಬರೆದುಕೊಂಡ. ಅವಳು ಕೇಳಿಸಿಕೊಂಡಳು, ನೋಡಲಿಲ್ಲ. ಮನೆಗೆ ಹೋದಮೇಲೆ ಕಣ್ತುಂಬ ನೋಡಿದರಾಯಿತು ಎಂದುಕೊಂಡಳು.

ಅಂದು ಸಂಜೆಯೇ ಮಗುವಿನ ಮೈ ಕೆಂಡದಂತೆ ಸುಡತೊಡಗಿತು. ಅದು ಮತ್ತೆ ನಗಲಿಲ್ಲ. ಆ ವಾರವೇ ಮಣ್ಣು ಮಾಡಿದರು.

ಚಿತ್ರವನ್ನು ಚರ್ಚಿನಲ್ಲಿ ಇಟ್ಟರು. ಜನ ಸಾಲುಗಟ್ಟಿ ಬಂದರು. ತಾಯಿ ನನ್ನನ್ನೇ ನೋಡಿದಳು ಎಂದು ಕಣ್ಣೊರೆಸಿಕೊಂಡು ಹೋದರು. ಅವಳೂ ಬಂದಳು. ತನ್ನ ಮಗ ನಗುವುದನ್ನು ಮೊದಲ ಸಲ ಕಂಡಳು. ಚಿತ್ರಕಾರನ ಕೈ ಹಿಡಿದುಕೊಂಡು ಗೋಳೋ ಎಂದು ಅತ್ತಳು.

“ಅಣ್ಣಾ, ಕೂಸು ನನ್ನ ಮುಖ ನೋಡಿ ನಗುತ್ತಿದೆ. ನಾನು ಇನ್ಯಾರನ್ನೋ ನೋಡುತ್ತಿದ್ದೇನೆ. ನನ್ನ ಕಣ್ಣನ್ನು ಅವನ ಕಡೆ ತಿರುಗಿಸಿಬಿಡು.”

ಚಿತ್ರಕಾರ ಒಪ್ಪಿದ. ಕುಂಚ ಹಿಡಿದು ಬಂದ. ಊರವರು ಅಡ್ಡ ನಿಂತರು. ಮಾತೆ ನಮ್ಮಿಂದ ಮುಖ ತಿರುಗಿಸಿದರೆ ನಮ್ಮ ಗತಿಯೇನು ಎಂದರು. ಆ ಕಣ್ಣು ಇಂದಿಗೂ ಹಾಗೆಯೇ ಇದೆ.

ಪಾದ್ರಿಗಳು ಕತೆ ಮುಗಿಸಿದರು. ಚೌರಪ್ಪ ಕಣ್ಣೊರೆಸಿಕೊಂಡ. “ಅಯ್ಯೋ, ಎಂಥ ತಾಯಿಗೆ ಎಂಥ ಸಂಕಟ ಸ್ವಾಮಿ!” ಎಂದ.

ಪಾದ್ರಿಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: “ಅದಿರಲಿ ಚೌರಪ್ಪ, ನಿನ್ನ ಮಗಳು ನಗಲು ಶುರುಮಾಡಿದಳೇನು?”